ಪ್ಲಾನ್ ಬದಲಿಸೋ ಮೊದಲು ಒಂದು ವಾಯರ್ ಹಚ್ಚಿ ನೋಡ್ರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಹೋದ ತಿಂಗಳು 20ನೇ ತಾರೀಖು, ರಾತ್ರಿ ಒಂಬತ್ತೂವರೆ. ಬೈಲಹೊಂಗಲದಿಂದ ಗೆಳೆಯನ ಫೋನ್. "ಲೇ, ನಿಮ್ಮ ಮನ್ಯಾಗ ನೆಟ್ ಐತೇನೋ? ನಂದು ಸತ್ತೈತಿ. ಇನ್ನೂ ಮೂರು ರಿಟರ್ನ್ ಉಳದಾವು."

ಕಾಮರ್ಸ್ ಓದಿದವರಿಗೆ 20ನೇ ತಾರೀಖು ಅಂದ್ರೆ ಏನು ಅಂತ ಬಿಡಿಸಿ ಹೇಳೋದು ಬೇಡ. ಉಳಿದವರಿಗೆ ಹೇಳ್ತೀನಿ. ತಿಂಗಳಿಗೊಮ್ಮೆ ಜಿಎಸ್‌ಟಿಆರ್-3ಬಿ ಸಲ್ಲಿಸುವ ವ್ಯಾಪಾರಿಗಳಿಗೆ ಅದು ಕೊನೇ ದಿನ. ದಾಟಿದರೆ ದಿನಕ್ಕೆ 50 ರೂಪಾಯಿ ತಡ ಶುಲ್ಕ. ವಹಿವಾಟೇ ಇಲ್ಲದಿದ್ದರೂ 20 ರೂಪಾಯಿ. ತೆರಿಗೆ ಬಾಕಿ ಇದ್ದರೆ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ ಬೇರೆ. ನನ್ನ ಗೆಳೆಯ ಮನೆಯ ಒಳಗಿನ ಖೋಲಿಯಲ್ಲಿ ಒಂದು ಡೆಸ್ಕ್‌ಟಾಪ್ ಇಟ್ಟುಕೊಂಡು ಹತ್ತಾರು ಅಂಗಡಿಗಳ ಲೆಕ್ಕ ಬರೀತಾನೆ. ದಂಡ 50 ರೂಪಾಯಿಯೇ ಇರಬಹುದು. ಆದರೆ "ಆ ಹುಡುಗ ತಾರೀಖು ತಪ್ಪಿಸಿದ" ಅನ್ನೋ ಮಾತು ಪೇಟೆಯಲ್ಲಿ ಒಮ್ಮೆ ಹಬ್ಬಿದರೆ ಅದಕ್ಕೆ ಎಷ್ಟು ಬಡ್ಡಿ ಅಂತ ಯಾವ ಪುಸ್ತಕದಲ್ಲೂ ಇಲ್ಲ.

ಅವತ್ತು ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಹೆಂಗೋ ಮುಗಿಸಿದ. ಮೊದಲು ಪೋರ್ಟಲ್‌ಗೆ ಬೈದಿದ್ದ, ಆಮೇಲೆ ನೆಟ್ ಕಂಪನಿಗೆ ಬೈದ. ಮಾರನೇ ದಿನ ಅವನ ತೀರ್ಮಾನ ಆಗಿತ್ತು: ಪ್ಲಾನ್ 50ರಿಂದ 100 ಎಂಬಿಪಿಎಸ್‌ಗೆ ಏರಿಸೋದು, ಅದಕ್ಕೂ ಬಗೆಹರಿಯದಿದ್ದರೆ ಕಂಪ್ಯೂಟರನ್ನೇ ಬದಲಿಸೋದು. "ರವಿವಾರ ಬರ್ತೀನಿ, ಅಲ್ಲೀತನಕ ಒಂದು ರೂಪಾಯಿ ಬಿಚ್ಚಬ್ಯಾಡ" ಅಂದೆ. ಆ ರವಿವಾರ ಮಧ್ಯಾಹ್ನ ನಾವು ಮಾಡಿದ್ದೇ ಇವತ್ತಿನ ಸಂಚಿಕೆ.

ನೀವು ಇದನ್ನ ಮೊಬೈಲ್‌ನಲ್ಲಿ ಕೇಳ್ತಾ ಇದ್ದೀರಿ. ಡೆಸ್ಕ್‌ಟಾಪ್ ಈಗ ಯಾರ ಮನ್ಯಾಗ ಐತ್ರೀ ಅಂತೀರಿ. ಇರ್ತಾವ್ರಿ. ಅಪ್ಪನ ಅಂಗಡಿ ಲೆಕ್ಕಕ್ಕೆ, ಅಕ್ಕನ ಪರೀಕ್ಷೆ ತಯಾರಿಗೆ, ಅಣ್ಣನ ಡಿಟಿಪಿ ಕೆಲಸಕ್ಕೆ. ಅದು ನಿಧಾನ ಆದಾಗ ಮನೆಯಲ್ಲಿ ಕರೆಯೋದು ಯಾರನ್ನ? ದಿನವಿಡೀ ಮೊಬೈಲ್ ಹಿಡಕೊಂಡು ಕೂಡ್ತೀರಲ್ಲ, ನಿಮ್ಮನ್ನೇ. ಒಂದು ಒಳ್ಳೇ ಸುದ್ದಿ ಅಂದ್ರೆ ಇವತ್ತಿನ ತಪಾಸಣೆಗೆ ಬೇಕಾದ ಮುಖ್ಯ ಸಾಮಾನು ಆ ಮೊಬೈಲೇ.

ಸವದತ್ತಿ ಕಡೆಯವರಿಗೆ ಈ ವಿಷಯ ಬೇಗ ತಿಳಿಯುತ್ತೆ. ನವಿಲುತೀರ್ಥದ ಡ್ಯಾಮ್ ತುಂಬಿದೆ, ಕಾಲುವೆಗೆ ನೀರೂ ಬಿಟ್ಟಿದ್ದಾರೆ, ಆದರೂ ನಿಮ್ಮ ಹೊಲ ಒಣಗಿದೆ ಅಂತ ಇಟ್ಟುಕೊಳ್ಳಿ. ತೊಂದರೆ ದೊಡ್ಡ ಕಾಲುವೆಯಲ್ಲಿದೆಯಾ? ಮೇಲಿನ ಹೊಲದವರು ನೀರು ತಿರುವಿಕೊಂಡಿದ್ದಾರಾ? ಅಥವಾ ನಿಮ್ಮದೇ ಹೊಲಗಾಲುವೆಯಲ್ಲಿ ಹುಲ್ಲು ಕಟ್ಟಿಕೊಂಡಿದೆಯಾ? ಮನೆಯಲ್ಲಿ ಕೂತು ಹೇಳೋಕೆ ಬರಲ್ಲ. ರೈತ ಏನು ಮಾಡ್ತಾನೆ? ಕಾಲುವೆ ಗುಂಟ ನಡಕೊಂಡು ಹೋಗ್ತಾನೆ. ನೀರು ಎಲ್ಲೀತನಕ ಸರಿಯಾಗಿ ಬಂದಿದೆ, ಎಲ್ಲಿಂದ ಮುಂದೆ ಕಡಿಮೆಯಾಗಿದೆ ಅಂತ ನೋಡ್ತಾನೆ.

ನೆಟ್ಟಿಗೂ ಇದೇ ದಾರಿ. ದೂರದಲ್ಲಿರೋ ವೆಬ್‌ಸೈಟ್, ಅಲ್ಲಿಂದ ನಿಮ್ಮ ಮನೆ ಗೋಡೆಯ ಡಬ್ಬಿತನಕ ಕಂಪನಿಯ ಲೈನು, ಡಬ್ಬಿಯಿಂದ ಕಂಪ್ಯೂಟರ್‌ತನಕ ವೈಫೈ, ಕೊನೆಗೆ ಕಂಪ್ಯೂಟರ್. ಈ ನಾಲ್ಕರಲ್ಲಿ ಯಾವುದು ಕೆಟ್ಟರೂ ಪರದೆ ಮೇಲೆ ಕಾಣೋದು ಒಂದೇ, ಅದೇ ಗರಗರ ತಿರುಗೋ ಚಕ್ರ. ಅದಕ್ಕೇ ಎಲ್ಲರೂ ಒಂದೇ ಮಾತು ಹೇಳ್ತಾರೆ, "ನೆಟ್ ಸ್ಲೋ". ಪ್ಲಾನ್ ಏರಿಸಿದರೆ ದೊಡ್ಡದಾಗೋದು ಎರಡನೇ ತುಂಡು ಮಾತ್ರ. ತೊಂದರೆ ಬೇರೆ ತುಂಡಿನಲ್ಲಿದ್ದರೆ ತಿಂಗಳಾ ತಿಂಗಳಾ ಕಟ್ಟೋ ಹೆಚ್ಚಿನ ದುಡ್ಡು ನೀರಿಗೆ ಹಾಕಿದ ಹಾಗೆ.

ಮೊದಲು ನಾವು ಮಾಡಿದ್ದು ಮೂರೇ ಪರೀಕ್ಷೆ, ಎಲ್ಲಾ ಸೇರಿ ಹದಿನೈದು ನಿಮಿಷ.

ಒಂದು: ಮೊಬೈಲ್ ಹಿಡಕೊಂಡು ರೂಟರ್ ಪಕ್ಕ ನಿಂತು ಸ್ಪೀಡ್ ಟೆಸ್ಟ್. ಮೊಬೈಲ್ ಡೇಟಾ ಬಂದ್ ಮಾಡ್ರಿ, ಇದನ್ನ ಬಹಳ ಜನ ಮರೀತಾರೆ. 5ಜಿ ಡೇಟಾದ ಸ್ಪೀಡು ನೋಡಿ "ನಮ್ಮ ಫೈಬರ್ ಭಾರಿ ಐತಿ" ಅಂತ ಕುಣಿದವರನ್ನ ನಾನು ನೋಡಿದ್ದೀನಿ. ಟಿವಿ, ಬೇರೆ ಫೋನ್‌ಗಳ ವೈಫೈಯನ್ನೂ ಆ ಐದು ನಿಮಿಷ ಆರಿಸಿ. ಗೆಳೆಯನ ಮನೆಯಲ್ಲಿ ಬಂದದ್ದು 47. ಪ್ಲಾನ್ 50. ಅಂದ್ರೆ ಮನೆಯ ಡಬ್ಬಿತನಕ ನೀರು ಸರಿಯಾಗೇ ಬಂದಿತ್ತು. ಪಾಪ, ಕಂಪನಿಗೆ ಬೈದದ್ದು ವ್ಯರ್ಥ.

ಎರಡು: ಒಳಗಿನ ಖೋಲಿಯ ಡೆಸ್ಕ್‌ಟಾಪ್‌ನಲ್ಲಿ, ವೈಫೈ ಮೇಲೆ, ಅದೇ ಟೆಸ್ಟ್. ಬಂದದ್ದು 4.

ಮೂರು: ಡೆಸ್ಕ್‌ಟಾಪನ್ನೇ ಪಡಸಾಲೆಗೆ ಹೊತ್ತು ತಂದು, ರೂಟರ್ ಡಬ್ಬಿಯ ಜೊತೆ ಬಂದಿದ್ದ ಗಿಡ್ಡ ಲ್ಯಾನ್ ವಾಯರ್ ಹಚ್ಚಿ ಅದೇ ಟೆಸ್ಟ್. 48.

ಇನ್ನು ಯಾರನ್ನೂ ಕೇಳೋದು ಬೇಕಾಗಿರಲಿಲ್ಲ. ಕಂಪನಿಯಿಂದ 50ರ ಹತ್ತಿರ ಬರ್ತಿದೆ, ಕಂಪ್ಯೂಟರ್ ವಾಯರಿನಿಂದ ಅಷ್ಟನ್ನೂ ತಗೋತಿದೆ, ಹೋಗ್ತಿರೋದು ನಡುವಿನ ಹವಾದಲ್ಲಿ. 100ರ ಪ್ಲಾನ್ ಹಾಕಿಸಿದ್ದರೂ ಅವನ ಪರದೆ ಮೇಲೆ ಅದೇ 4 ಬರ್ತಿತ್ತು.

ಇಲ್ಲಿ ಒಂದು ಲೆಕ್ಕ ಹೇಳಿಬಿಡ್ತೀನಿ, ಯಾಕಂದ್ರೆ ಜಗಳ ಇಲ್ಲೇ ಹುಟ್ಟೋದು. ಕಂಪನಿ ಹೇಳೋದು ಬಿಟ್ ಲೆಕ್ಕ, ಕಂಪ್ಯೂಟರ್‌ನಲ್ಲಿ ಫೈಲ್ ಇಳಿಸುವಾಗ ಕಾಣೋದು ಬೈಟ್ ಲೆಕ್ಕ. 8 ಬಿಟ್ಟಿಗೆ 1 ಬೈಟ್. ಹಾಗಾಗಿ 50 ಎಂಬಿಪಿಎಸ್ ಪ್ಲಾನ್‌ನಲ್ಲಿ ಫೈಲು ಸೆಕೆಂಡಿಗೆ 6 ಎಂಬಿ ಚಿಲ್ಲರೆ ಇಳಿದರೆ ಮೋಸ ಆಗಿಲ್ಲ, ಅದೇ ಪೂರ್ತಿ ಸ್ಪೀಡು.

ಸರಿ, 47 ಇದ್ದದ್ದು 4 ಆಗೋದು ಹೇಗೆ? ಗೆಳೆಯನ ಮನೆ ಹಳೇದು, ಕಲ್ಲು-ಮಣ್ಣಿನ ದಪ್ಪ ಗೋಡೆ. ಫೈಬರ್ ಎಳೆಯೋಕೆ ಬಂದ ಹುಡುಗ ತನಗೆ ಅನುಕೂಲ ಆಗೋ ಕಡೆ, ಬಾಗಿಲ ಪಕ್ಕದ ಮೂಲೆಯಲ್ಲಿ ಡಬ್ಬಿ ಹೊಡೆದು ಹೋಗಿದ್ದ. ಡಬ್ಬಿಗೂ ಒಳಗಿನ ಖೋಲಿಗೂ ನಡುವೆ ಆ ಗೋಡೆ, ಗೋಡೆಗೆ ಒತ್ತಿ ನಿಲ್ಲಿಸಿದ ಸ್ಟೀಲ್ ತಿಜೋರಿ. ವೈಫೈ ಅಲೆಗೆ ಕಬ್ಬಿಣದ ಹಾಳೆ ಅಂದ್ರೆ ಕನ್ನಡಿ ಇದ್ದ ಹಾಗೆ, ಒಳಗೆ ಬಿಡದೆ ತಿರುಗಿಸಿ ಒಗೆಯುತ್ತೆ. ದಪ್ಪ ಗೋಡೆ ಅಲೆಯನ್ನ ಹೀರಿಕೊಳ್ಳುತ್ತೆ, ಮಳೆಗಾಲದಲ್ಲಿ ಗೋಡೆ ಹಸಿ ಹಿಡಿದಿದ್ದರೆ ಇನ್ನೂ ಹೆಚ್ಚು.

ರೂಟರ್‌ನಲ್ಲಿ ಸಾಮಾನ್ಯವಾಗಿ ಎರಡು ವೈಫೈ ಇರ್ತಾವೆ. 2.4 ಗಿಗಾಹರ್ಟ್ಸ್‌ನದು ದೂರ ಹೋಗುತ್ತೆ, ಆದರೆ ನಿಧಾನ. 5 ಗಿಗಾಹರ್ಟ್ಸ್‌ನದು ಬಿರುಸು, ಆದರೆ ಒಂದು ದಪ್ಪ ಗೋಡೆ ಅಡ್ಡ ಬಂದರೆ ಸಾಕು ಸುಸ್ತಾಗುತ್ತೆ. ಡೆಸ್ಕ್‌ಟಾಪ್‌ಗಳ ಕಷ್ಟ ಏನಂದ್ರೆ ಹಳೇವುಗಳಲ್ಲಿ ವೈಫೈಯೇ ಇರಲ್ಲ. ಅಂಗಡಿಯಿಂದ ಹೆಬ್ಬೆರಳ ಉಗುರಿನಷ್ಟು ಸಣ್ಣ ಯುಎಸ್‌ಬಿ ವೈಫೈ ತಂದು ಸಿಪಿಯು ಹಿಂದೆ ಚುಚ್ಚಿರ್ತೀವಿ. ಅಗ್ಗದವು 2.4 ಮಾತ್ರ ಹಿಡೀತಾವೆ. ಡಬ್ಬಿ ಮೇಲೆ 150 ಅಂತ ಬರೆದಿರುತ್ತೆ. ಆ ಸಂಖ್ಯೆ ಸಿಗಬೇಕಾದರೆ ಹವಾದಲ್ಲಿ ಎರಡು ಪಟ್ಟು ಅಗಲದ ದಾರಿ ಖಾಲಿ ಇರಬೇಕು. ಪಕ್ಕದ ಮನೆಗಳಲ್ಲೂ ವೈಫೈ ಇರೋ ಓಣಿಯಲ್ಲಿ ಅದು ಸಿಗೋದು ಅಪರೂಪ, ಹಾಗಾಗಿ 72ಕ್ಕೆ ಇಳಿಯುತ್ತೆ. ಅದೂ ಕಾಗದದ ಮೇಲಿನ ಸಂಖ್ಯೆ, ಕೈಗೆ ಬರೋದು ಅದರ ಅರ್ಧದ ಆಸುಪಾಸು. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದರೆ ಡಬ್ಬಿ ಮೇಲಿನದು ಗ್ರಾಸ್, ಕೈಗೆ ಬರೋದು ನೆಟ್.

ಗೆಳೆಯನ ಆ ಉಗುರಿನಂಥ ವೈಫೈ ಎಲ್ಲಿತ್ತು? ಸಿಪಿಯು ಹಿಂದೆ, ಗೋಡೆ ಮತ್ತು ಸಿಪಿಯು ಡಬ್ಬಿಯ ನಡುವೆ ಸಿಕ್ಕಿಕೊಂಡು. ಅದರ ಪಕ್ಕದ ನೀಲಿ ಬಣ್ಣದ ಯುಎಸ್‌ಬಿ ತೂತಿನಲ್ಲಿ ಬ್ಯಾಕಪ್ ತಗೊಳ್ಳೋ ಹಾರ್ಡ್‌ಡಿಸ್ಕ್. ಇಲ್ಲಿ ಒಂದು ಮಜಾ ಇದೆ ಕೇಳ್ರಿ. ನೀಲಿ ತೂತು ಅಂದ್ರೆ ಯುಎಸ್‌ಬಿ 3. ಅದು ಕೆಲಸ ಮಾಡುವಾಗ ಹೊರಸೂಸೋ ವಿದ್ಯುತ್ ಗದ್ದಲ ಸರಿಯಾಗಿ 2.4 ಗಿಗಾಹರ್ಟ್ಸ್ ಆಸುಪಾಸಿಗೂ ಹರಡುತ್ತೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ಒಂದು ತಾಂತ್ರಿಕ ಟಿಪ್ಪಣಿ ಪ್ರಕಟಿಸಿತ್ತು. ಅಂದ್ರೆ ವೈಫೈ ಕಿವಿಗೊಟ್ಟು ಕೇಳ್ತಿದ್ರೆ ಪಕ್ಕದಲ್ಲೇ ಗಿರಣಿ ನಡೀತಾ ಇರುತ್ತೆ.

ಹಳೇ ಪೆನ್‌ಡ್ರೈವ್ ಎಕ್ಸ್‌ಟೆನ್ಶನ್ ವಾಯರ್ ಒಂದು ಮನೆಯಲ್ಲೇ ಇತ್ತು. ಅದನ್ನ ಹಚ್ಚಿ ವೈಫೈಯನ್ನ ಟೇಬಲ್ ಮೇಲಕ್ಕೆ, ಹಾರ್ಡ್‌ಡಿಸ್ಕಿನಿಂದ ದೂರಕ್ಕೆ ತಂದೆವು. 4 ಇದ್ದದ್ದು 18 ಆಯಿತು. ಖರ್ಚು ಸೊನ್ನೆ. ಗೆಳೆಯ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ರಿಟರ್ನ್ ಸಲ್ಲಿಸೋ ಪುಟಕ್ಕೆ 18 ಧಾರಾಳ ಸಾಕು. ಫುಲ್ ಎಚ್‌ಡಿ ಯೂಟ್ಯೂಬ್ ವಿಡಿಯೋಗೇ ಸುಮಾರು 5 ಎಂಬಿಪಿಎಸ್ ಇದ್ದರೆ ನಡೆಯುತ್ತೆ. ಆದರೆ ಡೆಸ್ಕ್‌ಟಾಪ್ ಎದ್ದು ಓಡಾಡಲ್ಲ, ನೋಡ್ರಿ. ಜಾಗ ಬದಲಿಸದ ಯಂತ್ರಕ್ಕೆ ವೈಫೈ ಯಾಕೆ ಬೇಕು ಅನ್ನೋದು ನನ್ನ ಹಳೇ ತಕರಾರು. ವಾಯರ್ ಹಾಕಿಸಿದರೆ ಮಳೆ, ತಿಜೋರಿ, ಪಕ್ಕದ ಮನೆಯ ವೈಫೈ, ಮೈಕ್ರೋವೇವ್ ಒಲೆ ಯಾವುದರ ಕಾಟವೂ ಇಲ್ಲ. ಕ್ಯಾಟ್-5ಇ ಅಥವಾ ಕ್ಯಾಟ್-6 ಅಂತ ಕೇಳಿ ತಗೊಳ್ಳಿ, 100 ಮೀಟರ್‌ತನಕ ನಡೆಯುತ್ತೆ. ಒಳಗಿನ ತಂತಿ ಪೂರ್ತಿ ತಾಮ್ರದ್ದಾ ಅಂತ ಕೇಳಿ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟವೂ ಮಾರಾಟಕ್ಕಿರ್ತಾವೆ, ಅವು ಬಾಗಿಸಿದಲ್ಲಿ ಬೇಗ ಮುರೀತಾವೆ. ಗೆಳೆಯ ವಾಯರಿಗೆ ಕೊಟ್ಟ ದುಡ್ಡು ಅವನ ಒಂದು ತಿಂಗಳ ನೆಟ್ ಬಿಲ್ಲಿಗಿಂತ ಕಡಿಮೆ.

ವಾಯರ್ ಹಾಕಿದ ಮೇಲೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಈಥರ್‌ನೆಟ್ ತೆಗೆದು ಲಿಂಕ್ ಸ್ಪೀಡ್ ನೋಡಿ. 1000 ಅಂತ ಇದ್ದರೆ ಎಂಟೂ ತಂತಿ ಸರಿ ಇವೆ. 100 ಇದ್ದರೆ ಎರಡು ಅರ್ಥ: ಕಂಪ್ಯೂಟರಿನದೋ ರೂಟರಿನದೋ ಪೋರ್ಟೇ ಹಳೇದು, ಇಲ್ಲಾ ವಾಯರಿನ ಒಂದು ತಂತಿ ತುಂಡಾಗಿದೆ. 100ಕ್ಕೆ ನಾಲ್ಕೇ ತಂತಿ ಸಾಕು, ಅದಕ್ಕೇ ಕೆಟ್ಟ ವಾಯರೂ ಕೆಟ್ಟಿದೆ ಅಂತ ಗೊತ್ತಾಗದೆ ವರ್ಷಗಟ್ಟಲೆ ನಡೀತಿರುತ್ತೆ. ನಿಮ್ಮ ಪ್ಲಾನ್ 100ರ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. 200ರದ್ದು ಹಾಕಿಸಿಯೂ 94, 95ಕ್ಕೇ ನಿಲ್ಲುತ್ತಿದ್ದರೆ ಕಾರಣ ಬಹುತೇಕ ಇದೇ.

ಎಲ್ಲಾ ಮುಗೀತು ಅಂತ ಚಾ ಕುಡಿದು ಕೂತ್ವಿ. ಪೋರ್ಟಲ್ ತೆಗೆದರೆ ಮತ್ತೆ ಚಕ್ರ! ಸ್ಪೀಡ್ ಟೆಸ್ಟ್ 48 ತೋರಿಸುತ್ತೆ, ಪುಟ ಮಾತ್ರ ತೆರೆಯಲ್ಲ. ಗೆಳೆಯ, "ಈಗೇನಂತೀಯೋ ಪಂಡಿತ?"

ಉಳಿದದ್ದು ನಾಲ್ಕನೇ ತುಂಡು, ಕಂಪ್ಯೂಟರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಅಂತ ನಾಲ್ಕು ಸಾಲು. ನೆಟ್ ನಿಧಾನ ಅಂದವರ ಮನೆಯಲ್ಲಿ ನಾನು ಮೊದಲು ನೋಡೋದು ಡಿಸ್ಕ್ ಸಾಲು. ಅವನದು ಶೇಕಡಾ 100ಕ್ಕೆ ಹೋಗಿ ಅಂಟಿಕೊಂಡಿತ್ತು, ನೆಟ್‌ವರ್ಕ್ ಸಾಲು ಬಹುತೇಕ ಸೊನ್ನೆ. ಇದರ ಅರ್ಥ ಸರಳ. ನೆಟ್ ಬಾಗಿಲಲ್ಲಿ ನಿಂತು ಕಾಯ್ತಾ ಇದೆ, ಒಳಗೆ ಕರೆಯೋರಿಲ್ಲ. 4 ಜಿಬಿ ರ್‍ಯಾಮ್, ತಿರುಗೋ ಹಳೇ ಹಾರ್ಡ್‌ಡಿಸ್ಕ್, ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್. ರ್‍ಯಾಮ್ ತುಂಬಿ ಹೆಚ್ಚಾದದ್ದನ್ನ ಕಂಪ್ಯೂಟರ್ ಡಿಸ್ಕಿಗೆ ಬರೆದಿಡುತ್ತೆ, ಬೇಕಾದಾಗ ಮತ್ತೆ ತರುತ್ತೆ. ಗಲ್ಲಾಪೆಟ್ಟಿಗೆ ಸಣ್ಣದು ಅಂತ ಪ್ರತಿ ನೋಟಿಗೂ ಬ್ಯಾಂಕಿಗೆ ಓಡಿದ ಹಾಗೆ.

ಇದಕ್ಕೆ ಹೊಸ ಕಂಪ್ಯೂಟರ್ ಬೇಡ. ಹಾರ್ಡ್‌ಡಿಸ್ಕ್ ಜಾಗದಲ್ಲಿ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ್‍ಯಾಮ್, ಅಷ್ಟು ಸಾಕು. ಒಂದು ಎಚ್ಚರಿಕೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿದೆ. ಬೇರೆಯವರ ಪಾಸ್‌ವರ್ಡ್ ಇಟ್ಟುಕೊಂಡು ಕೆಲಸ ಮಾಡೋರು ಎಸ್‌ಎಸ್‌ಡಿ ಹಾಕಿಸುವಾಗಲೇ ಇದನ್ನೂ ವಿಚಾರಿಸಿ.

ಇನ್ನೊಂದು ಕಳ್ಳ ಸಿಕ್ಕಿದ್ದು ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ, ಸ್ವಲ್ಪ ಹೊತ್ತಿನ ನಂತರ. ನೆಟ್‌ವರ್ಕ್ ಸಾಲಿನ ಹೆಸರಿನ ಮೇಲೆ ಒತ್ತಿದರೆ ಯಾವ ಪ್ರೋಗ್ರಾಂ ಹೆಚ್ಚು ಎಳೀತಿದೆಯೋ ಅದು ಮೇಲೆ ಬರುತ್ತೆ. ಅವನ ತಂಗಿಯ ಮದುವೆಯ ಫೋಟೋ, ವಿಡಿಯೋ ಎಲ್ಲಾ ಡೆಸ್ಕ್‌ಟಾಪ್ ಫೋಲ್ಡರ್‌ನಲ್ಲಿದ್ದವು. ಅವು ತಾವಾಗೇ ಕ್ಲೌಡ್‌ಗೆ ಏರ್ತಾ ಇದ್ದವು, ಇಪ್ಪತ್ತು ದಿನದಿಂದ! ಏರೋ ದಾರಿ ತುಂಬಿದರೆ ಇಳಿಯೋದು ಯಾಕೆ ನಿಧಾನ ಆಗುತ್ತೆ ಅಂತ ಕೇಳಬಹುದು. ಮಾಲು ಮುಟ್ಟಿತು ಅನ್ನೋ ರಸೀದಿ ವಾಪಸ್ ಹೋಗಬೇಕಲ್ಲ. ರಸೀದಿ ಬರೋತನಕ ಆ ಕಡೆಯವರು ಮುಂದಿನ ಲೋಡು ಬಿಡಲ್ಲ. ರಸೀದಿ ಹೋಗೋ ದಾರಿಯಲ್ಲಿ ಮದುವೆ ವಿಡಿಯೋ ಸಾಲುಗಟ್ಟಿ ನಿಂತಿದ್ದವು. ಕ್ಲೌಡ್ ಬ್ಯಾಕಪ್ಪನ್ನ ಪಾಜ್ ಮಾಡಿದೆವು, ರಾತ್ರಿ ಮಲಗುವಾಗ ಚಾಲು ಮಾಡಿದರೆ ಆಯಿತು. ವಿಂಡೋಸ್ ಅಪ್‌ಡೇಟ್ ಕೂಡ ಇದೇ ರೀತಿ ಹೊತ್ತಲ್ಲದ ಹೊತ್ತಿಗೆ ಬರೋ ಬೀಗರು. ಸೆಟ್ಟಿಂಗ್ಸ್‌ನಲ್ಲಿ ಡೆಲಿವರಿ ಆಪ್ಟಿಮೈಸೇಶನ್ ಅಂತ ಇರುತ್ತೆ, ಅಲ್ಲಿ ಬೇರೆ ಕಂಪ್ಯೂಟರ್‌ಗಳಿಗೆ ಹಂಚೋದನ್ನ ಬಂದ್ ಮಾಡಿ. ಆದರೆ ಅಪ್‌ಡೇಟನ್ನೇ ಪೂರ್ತಿ ಬಂದ್ ಮಾಡಬೇಡಿ, ದಯವಿಟ್ಟು.

ಈಗ ಸಂಪಗಾಂವಕ್ಕೆ ಬರೋಣ. ಬ್ರಿಟಿಷರ ಕಾಲದಲ್ಲಿ ಈ ಭಾಗದ ತಾಲೂಕಿಗೆ ಸಂಪಗಾಂವದ್ದೇ ಹೆಸರು, ಆದರೆ ಕಚೇರಿ ಇದ್ದದ್ದು ಬೈಲಹೊಂಗಲದಲ್ಲಿ. ಹೆಸರು ಒಂದು ಕಡೆ, ಕಾರಭಾರ ಇನ್ನೊಂದು ಕಡೆ! ಅಲ್ಲಿ ನಮ್ಮ ಸೋದರಮಾವನ ಮನೆ. ಬೈಲಹೊಂಗಲದ ಕತೆ ಕೇಳಿ ಮಾವ ಕರೆದರು, "ನಮ್ಮದೂ ನೋಡಿ ಹೋಗೋ ತಮ್ಮಾ, ವಾಯರ್ ಹಾಕಿಸಬೇಕಂದ್ರ ಹಾಕಸೂಣು." ಹೋಗಿ ಮೊದಲು ಗಿಡ್ಡ ವಾಯರ್ ಹಚ್ಚಿ ನೋಡಿದರೆ, ಅಲ್ಲೂ 6, 7ರ ಮೇಲೆ ಹೋಗಲೇ ಇಲ್ಲ. ರೂಟರ್ ಪಕ್ಕ ನಿಂತ ಮೊಬೈಲ್‌ನಲ್ಲೂ ಅಷ್ಟೇ. ಇಲ್ಲಿ ಮನೆಯೊಳಗಿನ ಯಾವ ವಾಯರೂ ಪ್ರಯೋಜನ ಇಲ್ಲ, ತೊಂದರೆ ಡಬ್ಬಿಯ ಆಚೆ ಕಡೆ.

ಫೈಬರ್ ಡಬ್ಬಿಯಲ್ಲಿ ಎಲ್‌ಒಎಸ್ ಅಂತ ಒಂದು ದೀಪ ಇರುತ್ತೆ. ಅದು ಕೆಂಪಾದರೆ ಬೆಳಕು ಬರ್ತಾನೇ ಇಲ್ಲ ಅಂತ ಅರ್ಥ, ತಕ್ಷಣ ಕಂಪನಿಗೆ ಫೋನ್ ಮಾಡಬೇಕು. ಮಾವನ ಮನೆಯಲ್ಲಿ ಕೆಂಪಿರಲಿಲ್ಲ, ಆದರೆ ಬೆಳಕು ಸೋರುತ್ತಿತ್ತು. ಫೈಬರ್ ಅಂದ್ರೆ ಕೂದಲಿನಂಥ ಗಾಜಿನ ಎಳೆ. ಅದನ್ನ ಬಿಗಿಯಾಗಿ ಮಡಚಿದರೆ ಮಡಿಕೆಯಲ್ಲಿ ಬೆಳಕು ಹೊರಗೆ ಚೆಲ್ಲುತ್ತೆ. ಎಷ್ಟು ಬರ್ತಿದೆ ಅಂತ ಡಿಬಿಎಂ ಅನ್ನೋ ಅಳತೆಯಲ್ಲಿ ಹೇಳ್ತಾರೆ, ಸಂಖ್ಯೆಗಳು ಮೈನಸ್‌ನಲ್ಲಿ. ಮೈನಸ್ 20ರ ಆಸುಪಾಸು ಚಲೋ. ಮೈನಸ್ 27ರ ಹತ್ತಿರ ಹೋದರೆ ಡಬ್ಬಿ ತಿಣುಕುತ್ತೆ. ಮೂರು ಮೂರು ಕಡಿಮೆ ಆದಂತೆ ಬೆಳಕು ಅರ್ಧರ್ಧ ಆಗುತ್ತೆ. ಲೈನ್‌ಮನ್ ಬಂದು ಮೀಟರ್ ಇಟ್ಟರೆ ಮೈನಸ್ 28. ಕಿಟಕಿಯ ಕದ ಹಾಕುವಾಗೆಲ್ಲ ಫೈಬರ್ ಅದರಡಿ ಸಿಕ್ಕಿ ಜಜ್ಜಿಹೋಗಿತ್ತು. ಗೋಡೆಗೆ ತೂತು ಹೊಡೆದು ಹೊಸ ತುಂಡು ಹಾಕಿದ ಮೇಲೆ ಮೈನಸ್ 19, ಸ್ಪೀಡು ಪ್ಲಾನಿನಷ್ಟು. ಕದ ಹಾಕಿದ್ದು ಯಾರು ಅಂತ ಮಾವ-ಅತ್ತಿ ನಡುವೆ ಇನ್ನೂ ವಿಚಾರಣೆ ನಡೆದಿದೆ.

ಹಗಲು ಚೆನ್ನಾಗಿದ್ದು ರಾತ್ರಿ ಎಂಟರಿಂದ ಹತ್ತು ಮಾತ್ರ ನಿಧಾನ ಆದರೆ ಕಾರಣ ಬೇರೆ. ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಗೊತ್ತು, ಮೊಬೈಲ್‌ನಲ್ಲಿ ಸಿಗ್ನಲ್ ತುಂಬಾ ಇರುತ್ತೆ, ಮೆಸೇಜ್ ಮಾತ್ರ ಹೋಗಲ್ಲ. ದಾರಿ ಇದ್ದಷ್ಟೇ, ಜನ ಹೆಚ್ಚು. ಮನೆ ಫೈಬರ್‌ನಲ್ಲಿ ಸಾಮಾನ್ಯವಾಗಿ ಒಂದು ಎಳೆಯನ್ನ 32 ಅಥವಾ 64 ಮನೆಗೆ ಹಂಚ್ತಾರೆ. ಹೆಚ್ಚು ಬಳಕೆಯಲ್ಲಿರೋ ಜಿಪಾನ್ ಪದ್ಧತಿಯಲ್ಲಿ ಆ ಎಳೆಯ ಒಟ್ಟು ಸಾಮರ್ಥ್ಯ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್. 32 ಮನೆಯವರೂ ಒಂದೇ ಕ್ಷಣಕ್ಕೆ ಪೂರ್ತಿ ಎಳೆದರೂ ತಲಾ 78 ಎಂಬಿಪಿಎಸ್ ಬರುತ್ತೆ. ಹಾಗಾಗಿ ಪಕ್ಕದ ಮನೆಯ ಹುಡುಗ ಗೇಮ್ ಆಡ್ತಾನೆ ಅಂತ ಅವನ ಮೇಲೆ ಹಾಯಬೇಡಿ. ಇಂಥ ಕಡೆ ಬಿಗಿಯಾಗಿರೋದು ಹೆಚ್ಚಾಗಿ ಮೇಲೆ, ಊರಿನಿಂದ ನಗರಕ್ಕೆ ಕಂಪನಿ ತಗೊಂಡಿರೋ ದೊಡ್ಡ ಲೈನಿನಲ್ಲಿ.

ಅಂಥ ಹೊತ್ತಿನಲ್ಲಿ ಹೊರಗಿನ ತೊಂದರೆಯೋ ಒಳಗಿನದೋ ಅಂತ ತಿಳಿಯೋಕೆ ಒಂದು ಹಳೇ ಉಪಾಯ. ಸ್ಟಾರ್ಟ್‌ನಲ್ಲಿ ಸಿ-ಎಂ-ಡಿ ಅಂತ ಒತ್ತಿದರೆ ಕಪ್ಪು ಪರದೆ ಬರುತ್ತೆ. ಅಲ್ಲಿ ಇಂಗ್ಲಿಷ್‌ನಲ್ಲಿ ಪಿ-ಐ-ಎನ್-ಜಿ, ಪಿಂಗ್, ಒಂದು ಸ್ಪೇಸ್, ರೂಟರ್ ಹಿಂದಿನ ಚೀಟಿ ಮೇಲಿರೋ ಸಂಖ್ಯೆ. ಬಹಳ ಕಡೆ 192.168.1.1 ಇರುತ್ತೆ. ಉತ್ತರ 1, 2 ಮಿಲಿಸೆಕೆಂಡ್‌ನಲ್ಲಿ ಬರಬೇಕು. ಒಮ್ಮೆ 3, ಒಮ್ಮೆ 400 ಅಂತ ಕುಣಿದರೆ ವೈಫೈ ಕೆಟ್ಟಿದೆ. ಆಮೇಲೆ ಅದೇ ಪಿಂಗ್, ಗೂಗಲ್‌ನ 8.8.8.8ಕ್ಕೆ. ಮೊದಲನೆಯದು ಶಾಂತ, ಎರಡನೆಯದು ಕುಣೀತಿದೆ ಅಂದ್ರೆ ಕಂಪನಿ ಕಡೆ ತೊಂದರೆ.

ಕಂಪನಿಗೆ ದೂರು ಕೊಡೋದಾದರೆ "ನೆಟ್ ಸ್ಲೋ ಐತ್ರಿ" ಅನ್ನಬೇಡಿ. "ಲ್ಯಾನ್ ವಾಯರ್ ಹಚ್ಚಿ ನೋಡೀನ್ರಿ, ಮೂರು ದಿನ ರಾತ್ರಿ ಒಂಬತ್ತಕ್ಕ ಇಷ್ಟಿಷ್ಟು ಬಂದೈತಿ" ಅನ್ನಿ, ಸಮಯ ಕಾಣೋ ಹಾಗೆ ತೆಗೆದ ಫೋಟೋ ಕಳಿಸಿ. "ರೂಟರ್ ಬಂದ್ ಮಾಡಿ ಚಾಲೂ ಮಾಡ್ರಿ" ಅನ್ನೋ ಉತ್ತರ ಅಲ್ಲಿಗೇ ನಿಲ್ಲುತ್ತೆ. ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಟ್ರಾಯ್ ನಿಯಮದ ಪ್ರಕಾರ ಅದೇ ಕಂಪನಿಯಲ್ಲಿ ಮೇಲ್ಮನವಿ ಅಧಿಕಾರಿ ಇರಲೇಬೇಕು, ಮೇಲ್ಮನವಿಗೆ ಆ ನಂಬರ್ ಬೇಕು. ಅಂದ ಹಾಗೆ, ಬ್ರಾಡ್‌ಬ್ಯಾಂಡ್ ಅಂತ ಕರೆಸಿಕೊಳ್ಳೋಕೆ ಸರ್ಕಾರ ಇಟ್ಟಿರೋ ಕನಿಷ್ಠ ಮಿತಿ ಎಷ್ಟು ಗೊತ್ತಾ? 2023ರ ಜನವರಿಯಿಂದ 2 ಎಂಬಿಪಿಎಸ್, ಅದಕ್ಕೂ ಮೊದಲು 512 ಕೆಬಿಪಿಎಸ್. ಆ ಲೆಕ್ಕದಲ್ಲಿ ಗೆಳೆಯನ 4 ಕೂಡ ಬ್ರಾಡ್‌ಬ್ಯಾಂಡೇ!

ಸ್ಪೀಡ್ ಹೆಚ್ಚಿಸೋ ಸಾಫ್ಟ್‌ವೇರ್ ಅಂತ ಸಿಗೋದನ್ನ ಹಾಕಬೇಡಿ. ಇಲ್ಲದ ನೀರನ್ನ ಯಾವ ಸಾಫ್ಟ್‌ವೇರೂ ತರಲ್ಲ. ಡಿಎನ್‌ಎಸ್ ಬದಲಿಸಿದರೆ ಕೆಲವೊಮ್ಮೆ ಪುಟ ಬೇಗ ತೆರೆಯಲು ಶುರುವಾಗುತ್ತೆ, ಆದರೆ 4 ಇದ್ದದ್ದು 40 ಆಗಲ್ಲ. ಇನ್ನು "ನಿಮ್ಮ ನೆಟ್ ಸ್ಲೋ ಇದೆ, ಈ ಆ್ಯಪ್ ಹಾಕಿ, ನಾವೇ ಇಲ್ಲಿಂದ ಸರಿ ಮಾಡ್ತೀವಿ" ಅಂತ ತಾವಾಗೇ ಫೋನ್ ಮಾಡಿದರೆ ಇಟ್ಟುಬಿಡಿ. ಹತ್ತಾರು ಅಂಗಡಿಯ ಪಾಸ್‌ವರ್ಡ್ ಇರೋ ಕಂಪ್ಯೂಟರ್‌ನ ಪರದೆಯನ್ನ ಗೊತ್ತಿಲ್ಲದವರಿಗೆ ತೋರಿಸೋದಕ್ಕಿಂತ ನಿಧಾನ ನೆಟ್ಟೇ ವಾಸಿ.

ಈ ತಿಂಗಳು 20ಕ್ಕೆ ಗೆಳೆಯನ ಫೋನ್ ಬರಲಿಲ್ಲ. ನಾನೇ ರಾತ್ರಿ ಮಾಡಿದೆ. "ಎಲ್ಲಾ ಮಧ್ಯಾಹ್ನಾನ ಮುಗದಾವು" ಅಂದ. ಪ್ಲಾನ್ 50ರದ್ದೇ ಇದೆ. "ಆದ್ರ ಅವ್ವ ಬೈಯಾಕತ್ತಾಳೋ, ಆ ನಿನ್ನ ವಾಯರ್ ಹೊಸ್ತಿಲದಾಗ ಕಾಲಿಗೆ ತೊಡರತೈತಿ ಅಂತ." ಕ್ಲಿಪ್ ಹೊಡೆಯೋದು ಉಳಿದಿತ್ತು ನೋಡ್ರಿ. ಈ ರವಿವಾರ ಸುತ್ತಿಗೆ ತಗೊಂಡು ಹೊಂಟೀನಿ.